ಸತೀಶ್ ಧವನ್

ಸತೀಶ್ ಧವನ್ (ಸೆಪ್ಟೆಂಬರ್ 25, 1920 – ಜನವರಿ 3, 2002) ಭಾರತದ ವಾಯುಯಾನ ವಿಜ್ಞಾನಿ, ಪ್ರಾಧ್ಯಾಪಕ ಹಾಗೂ ವಿಜ್ಞಾನ ಸಂಸ್ಥೆಗಳ ಆಡಳಿತಗಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ 1962ರಿಂದ 1981ರವರೆಗೆ, ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಅಧ್ಯಕ್ಷರಾಗಿ 1972ರಿಂದ 1984ರವರೆಗೆ ಸೇವೆ ಸಲ್ಲಿಸಿದರು. ಭಾರತದಲ್ಲಿ ದ್ರವಚಲನ ಶಾಸ್ತ್ರದ ಪ್ರಾಯೋಗಿಕ ಸಂಶೋಧನೆಗೆ ಭದ್ರ ಬುನಾದಿ ಹಾಕಿದವರಲ್ಲಿ ಇವರು ಪ್ರಮುಖರು. ಅಪಾಯವನ್ನು ಮೊದಲೇ ಗುರುತಿಸುವುದು, ವೈಫಲ್ಯವನ್ನು ಮುಚ್ಚಿಡದೆ ಪರಿಶೀಲಿಸುವುದು, ಅದರ ಹೊಣೆಯನ್ನು ಮೇಲಿನ ಸ್ಥಾನದಲ್ಲಿರುವವರೇ ಹೊರುವುದು ಎಂಬ ಕ್ರಮಗಳನ್ನು ಅವರು ತಮ್ಮ ಆಡಳಿತದಲ್ಲಿ ಪಾಲಿಸಿದರು. ಇಂದು ವಾಯುಯಾನ ಸಂಸ್ಥೆಗಳಲ್ಲಿ ಕಡ್ಡಾಯವಾಗಿರುವ ಸುರಕ್ಷತಾ ನಿರ್ವಹಣಾ ವ್ಯವಸ್ಥೆಯ ತಿರುಳೂ ಇದೇ ಆಗಿದೆ. ಆಂಧ್ರಪ್ರದೇಶದ ಶ್ರೀಹರಿಕೋಟಾದಲ್ಲಿರುವ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಸತೀಶ್ ಧವನ್ ಅವರು ಕಾಶ್ಮೀರದ ಶ್ರೀನಗರದಲ್ಲಿ ಜನಿಸಿದರು. ತಂದೆ ನ್ಯಾಯಾಂಗ ಸೇವೆಯಲ್ಲಿದ್ದರು. ಉನ್ನತ ಶಿಕ್ಷಣ ನಡೆದದ್ದು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ. ಅವರು ಪಡೆದ ಪದವಿಗಳ ಸಾಲು ಅಪರೂಪದ್ದು. ಗಣಿತ ಮತ್ತು ಭೌತವಿಜ್ಞಾನದಲ್ಲಿ ಬಿ.ಎ., ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ನಂತರ 1945ರಲ್ಲಿ ಯಂತ್ರಶಾಸ್ತ್ರದಲ್ಲಿ ಬಿ.ಇ. ಪದವಿ ಅವರದಾಯಿತು. ಸಾಹಿತ್ಯ ಮತ್ತು ಯಂತ್ರಶಾಸ್ತ್ರ ಎರಡನ್ನೂ ಶಿಸ್ತಿನಿಂದ ಓದಿದ ಈ ಹಿನ್ನೆಲೆ, ಮುಂದೆ ಅವರು ನಿರ್ದೇಶಕರಾಗಿದ್ದಾಗ ವಿವಿಧ ಶಾಸ್ತ್ರಗಳ ಕಡೆಗೆ ತೋರಿದ ತೆರೆದ ಮನಸ್ಸಿನಲ್ಲಿ ಕಾಣಿಸುತ್ತದೆ.

ಪದವಿಯ ನಂತರ ಸುಮಾರು ಒಂದು ವರ್ಷ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಆರಂಭಿಸಿದ ಈ ಕಾರ್ಖಾನೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಯ ದೊಡ್ಡ ಕೇಂದ್ರವಾಗಿತ್ತು. ಕರ್ನಾಟಕದೊಂದಿಗೆ ಧವನ್ ಅವರ ನಂಟು ಬೆಳೆದದ್ದು ಇಲ್ಲಿಂದಲೇ.

ಮುಂದೆ ಅಮೆರಿಕಕ್ಕೆ ತೆರಳಿ 1947ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಿಂದ ಎಂ.ಎಸ್. ಪದವಿ ಪಡೆದರು. ಅದೇ ವರ್ಷ ದೇಶ ವಿಭಜನೆಯಾಗಿ, ಅವರು ಓದಿದ ಲಾಹೋರ್ ನಗರ ಪಾಕಿಸ್ತಾನಕ್ಕೆ ಸೇರಿತು. ಬಳಿಕ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1951ರಲ್ಲಿ ಡಾಕ್ಟರೇಟ್ ಪಡೆದರು. ವಿಮಾನದ ಮೇಲ್ಮೈಯನ್ನು ಸವರಿಕೊಂಡು ಹರಿಯುವ ಗಾಳಿ ಆ ಮೇಲ್ಮೈಯ ಮೇಲೆ ಉಂಟುಮಾಡುವ ಘರ್ಷಣೆಯನ್ನು ನೇರವಾಗಿ ಅಳೆಯುವುದು ಅವರ ಸಂಶೋಧನೆಯ ವಿಷಯವಾಗಿತ್ತು. ಅದುವರೆಗೆ ಈ ಬಲವನ್ನು ಬಹುಮಟ್ಟಿಗೆ ಪರೋಕ್ಷ ಲೆಕ್ಕಾಚಾರದಿಂದ ತಿಳಿಯಲಾಗುತ್ತಿತ್ತು. ಧವನ್ ಅವರು ಮೇಲ್ಮೈಯ ಸಣ್ಣ ಭಾಗವೊಂದನ್ನು ಬಿಡಿಯಾಗಿ ಚಲಿಸುವಂತೆ ಅಳವಡಿಸಿ, ಅದರ ಮೇಲೆ ಬೀಳುವ ಎಳೆತವನ್ನೇ ಅಳೆದರು. ಊಹೆಗಿಂತ ಅಳತೆಗೆ ಹೆಚ್ಚು ಬೆಲೆ ಕೊಡುವ ಈ ಅಭ್ಯಾಸ ಅವರ ಮುಂದಿನ ಕೆಲಸಗಳಲ್ಲೂ ಉಳಿಯಿತು.

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ

1951ರಲ್ಲಿ ಧವನ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ವಾಯುಯಾನ ವಿಭಾಗವನ್ನು ಹಿರಿಯ ವೈಜ್ಞಾನಿಕ ಅಧಿಕಾರಿಯಾಗಿ ಸೇರಿದರು. 1942ರಲ್ಲಿ ಆರಂಭವಾಗಿದ್ದ ಈ ವಿಭಾಗಕ್ಕೆ ಆರಂಭದ ವರ್ಷಗಳಲ್ಲಿ ವಿ. ಎಂ. ಘಾಟಗೆ ಅವರು ರೂಪ ಕೊಟ್ಟಿದ್ದರು. ಧವನ್ ಅವರು 1955ರಲ್ಲಿ ಪ್ರಾಧ್ಯಾಪಕರೂ ವಿಭಾಗದ ಮುಖ್ಯಸ್ಥರೂ ಆದರು. ಶಬ್ದಾತೀತ ವೇಗದ ಗಾಳಿಸುರಂಗವನ್ನು ಸ್ಥಳೀಯವಾಗಿ ದೊರೆಯುವ ಸಾಮಗ್ರಿಗಳಿಂದಲೇ ಕಟ್ಟಿಸಿ, ಅಧಿಕ ವೇಗದ ವಾಯುಚಲನೆಯ ಪ್ರಯೋಗಾಲಯವನ್ನು ಸ್ಥಾಪಿಸಿದರು. ಸಂಸ್ಥೆಯ 14 ಅಡಿ ಅಗಲ, 9 ಅಡಿ ಎತ್ತರದ ತೆರೆದ ಗಾಳಿಸುರಂಗವು ದೇಶೀಯ ವಿಮಾನಗಳ ಮಾದರಿಗಳ ಪರೀಕ್ಷೆಗೆ ನೆರವಾಯಿತು. ವಿಮಾನವೊಂದು ಮನುಷ್ಯನನ್ನು ಹೊತ್ತು ನೆಲ ಬಿಡುವ ಮುನ್ನ ಅದರ ದೋಷಗಳನ್ನು ನೆಲದ ಮೇಲೆಯೇ ಕಂಡುಕೊಳ್ಳಲು ಇಂತಹ ಸುರಂಗಗಳು ಆಧಾರ.

ಅವರ ಶಿಷ್ಯರಲ್ಲಿ ರೊದ್ದಂ ನರಸಿಂಹ ಪ್ರಮುಖರು. ಗಾಳಿಯ ನಯವಾದ ಹರಿವು ಕದಡಿದ ಹರಿವಾಗಿ ಮಾರ್ಪಡುವ ಹಂತವನ್ನು ಕುರಿತು ಗುರುಶಿಷ್ಯರು ಸೇರಿ 1958ರಲ್ಲಿ ಪ್ರಕಟಿಸಿದ ಲೇಖನ ಆ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ.

1962ರಲ್ಲಿ, ನಲವತ್ತೆರಡನೆಯ ವಯಸ್ಸಿನ ಹೊತ್ತಿಗೆ, ಧವನ್ ಅವರು ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೇರಿದವರಲ್ಲಿ ಅತ್ಯಂತ ಕಿರಿಯರೂ ಅತಿ ದೀರ್ಘಕಾಲ ಅದರಲ್ಲಿದ್ದವರೂ ಇವರೇ. ಇವರ ಕಾಲದಲ್ಲಿ ಜಿ. ಎನ್. ರಾಮಚಂದ್ರನ್, ಮಾಧವ ಗಾಡ್ಗೀಳ್ ಮೊದಲಾದ ವಿದ್ವಾಂಸರು ಸಂಸ್ಥೆಗೆ ಬಂದರು. ಅಣುಜೀವ ಭೌತವಿಜ್ಞಾನ, ಪರಿಸರ ವಿಜ್ಞಾನ ಮುಂತಾದ ಹೊಸ ಅಧ್ಯಯನಗಳು ನೆಲೆಗೊಂಡವು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಒದಗಿಸುವ ಉದ್ದೇಶದ 'ಅಸ್ತ್ರ' ಎಂಬ ಘಟಕ 1974ರಲ್ಲಿ ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಆರಂಭವಾಯಿತು.

ಆವ್ರೊ ವಿಮಾನದ ಹಾರಾಟಯೋಗ್ಯತೆಯ ಪರಿಶೀಲನೆ

ನಾಗರಿಕ ವಿಮಾನಯಾನದ ಸುರಕ್ಷತೆಗೆ ಧವನ್ ಅವರ ನೇರ ಕೊಡುಗೆ ಎಚ್‌ಎಸ್-748 ವಿಮಾನಕ್ಕೆ ಸಂಬಂಧಿಸಿದ್ದು. ಜನರ ಮಾತಿನಲ್ಲಿ ಆವ್ರೊ ಎಂದೇ ಹೆಸರಾಗಿದ್ದ, ಎರಡು ಎಂಜಿನ್‌ಗಳ ಈ ಪ್ರಯಾಣಿಕ ವಿಮಾನದ ವಿನ್ಯಾಸ ಬ್ರಿಟನ್ನಿನದು. ಕಾನ್ಪುರದಲ್ಲಿ ಜೋಡಿಸಿದ ಮೊದಲ ವಿಮಾನ 1961ರ ನವೆಂಬರ್‌ನಲ್ಲಿ ಹಾರಿತು. ನಂತರ ವಾಯುಪಡೆಯಲ್ಲೂ ಇಂಡಿಯನ್ ಏರ್‌ಲೈನ್ಸ್‌ನಲ್ಲೂ ಇದು ಬಳಕೆಗೆ ಬಂದಿತು. ಕಾಲಕ್ರಮದಲ್ಲಿ ಈ ವಿಮಾನದ ಹಾರಾಟಯೋಗ್ಯತೆಯ ಬಗ್ಗೆ ಸಂದೇಹಗಳೆದ್ದಾಗ, ಅದನ್ನು ಪರಿಶೀಲಿಸುವ ಹೊಣೆಯನ್ನು ಸರ್ಕಾರ ಧವನ್ ಅವರಿಗೆ ಒಪ್ಪಿಸಿತು. ತಾಂತ್ರಿಕ ಅಧ್ಯಯನದಲ್ಲಿ ರೊದ್ದಂ ನರಸಿಂಹ ಅವರು ಪಾಲ್ಗೊಂಡರು.

ಎರಡು ಎಂಜಿನ್‌ಗಳ ಪ್ರಯಾಣಿಕ ವಿಮಾನಕ್ಕೆ ಅತ್ಯಂತ ಕಠಿಣ ಗಳಿಗೆ ಎಂದರೆ ನೆಲ ಬಿಡುತ್ತಿರುವಾಗ ಒಂದು ಎಂಜಿನ್ ನಿಂತುಹೋಗುವುದು. ಆಗಲೂ ವಿಮಾನವು ನಿಗದಿಪಡಿಸಿದ ಏರುಗತಿಯನ್ನು ಉಳಿಸಿಕೊಂಡು, ಎದುರಿನ ಅಡೆತಡೆಗಳನ್ನು ದಾಟಬೇಕೆಂಬುದು ಹಾರಾಟಯೋಗ್ಯತೆಯ ನಿಯಮ. ಬಿಸಿಲು ಹೆಚ್ಚಿದಂತೆ ಗಾಳಿಯ ಸಾಂದ್ರತೆ ತಗ್ಗುತ್ತದೆ. ಅದರಿಂದ ಎಂಜಿನ್ನಿನ ಶಕ್ತಿಯೂ ರೆಕ್ಕೆಯ ಎತ್ತುವ ಬಲವೂ ಕುಗ್ಗುತ್ತವೆ. ತಂಪು ದೇಶದಲ್ಲಿ ಸಾಕಾಗುವ ಅಂಚು ದಖ್ಖನಿನ ಬೇಸಿಗೆಯ ಮಧ್ಯಾಹ್ನದಲ್ಲಿ ಸಾಲದೆ ಹೋಗಬಹುದು. ಆದ್ದರಿಂದ ತಯಾರಕರ ಕೈಪಿಡಿಯ ಅಂಕಿಗಳನ್ನು ನಂಬಿ ಕೂರದೆ, ವಿಮಾನವು ಇಲ್ಲಿನ ಹವೆಯಲ್ಲಿ ವಾಸ್ತವವಾಗಿ ಹೇಗೆ ವರ್ತಿಸುತ್ತದೆ ಎಂಬುದನ್ನು ತಿಳಿಯಬೇಕಾಗುತ್ತದೆ. ಇಂತಹ ವಿವಾದದಲ್ಲಿ ಪೈಲಟ್‌ಗಳ ಆತಂಕ, ತಯಾರಕರ ಪ್ರತಿಷ್ಠೆ, ಸಂಸ್ಥೆಯ ಲಾಭನಷ್ಟ ಎಲ್ಲವೂ ಬೆರೆತುಕೊಂಡಿರುತ್ತವೆ. ಹಾರಾಟದ ಅಳತೆ ಮತ್ತು ಅವುಗಳ ವಿಶ್ಲೇಷಣೆಯ ಮೂಲಕ ಅದನ್ನು ವಿಜ್ಞಾನದ ಪ್ರಶ್ನೆಯಾಗಿ ಮಾರ್ಪಡಿಸಬಲ್ಲ ಪಕ್ಷಾತೀತ ವ್ಯಕ್ತಿಯೆಂದು ಧವನ್ ಅವರನ್ನು ಆರಿಸಿದ್ದು ಸಹಜವಾಗಿತ್ತು.

ಇಸ್ರೋ ಅಧ್ಯಕ್ಷತೆ

1971ರ ಡಿಸೆಂಬರ್ 30ರಂದು ವಿಕ್ರಮ್ ಸಾರಾಭಾಯಿ ಅವರು ಹಠಾತ್ತನೆ ನಿಧನರಾದರು. ಆಗ ಧವನ್ ಅವರು ರಜೆಯ ಮೇಲೆ ಕ್ಯಾಲಿಫೋರ್ನಿಯಾದಲ್ಲಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರು ಬಾಹ್ಯಾಕಾಶ ಕಾರ್ಯಕ್ರಮದ ನೇತೃತ್ವ ವಹಿಸಲು ಅವರನ್ನು ಕೋರಿದರು. ಧವನ್ ಅವರು ಎರಡು ಷರತ್ತುಗಳನ್ನು ಮುಂದಿಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಹುದ್ದೆಯಲ್ಲಿ ತಾವು ಮುಂದುವರಿಯಬೇಕು, ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂಬುದು ಆ ಷರತ್ತುಗಳು. ಎರಡೂ ಒಪ್ಪಿಗೆಯಾದವು. ಅವರು ಬರುವವರೆಗೆ ಎಂ. ಜಿ. ಕೆ. ಮೆನನ್ ಅವರು ಹೊಣೆ ನಿರ್ವಹಿಸಿದರು. ಬೆಂಗಳೂರು ಇಂದು ದೇಶದ ಬಾಹ್ಯಾಕಾಶ ಚಟುವಟಿಕೆಯ ಕೇಂದ್ರವಾಗಿರುವುದಕ್ಕೆ ಈ ಎರಡನೆಯ ಷರತ್ತು ಬಹುಮಟ್ಟಿಗೆ ಕಾರಣ.

ಧವನ್ ಅವರು ಅಧ್ಯಕ್ಷರಾದಾಗ ಇಸ್ರೋ ಹಲವು ಊರುಗಳಲ್ಲಿ ಹರಡಿದ್ದ, ಉತ್ಸಾಹವೇ ಬಂಡವಾಳವಾಗಿದ್ದ ಗುಂಪುಗಳ ಸಮೂಹವಾಗಿತ್ತು. ಅವರು ಕೇಂದ್ರಗಳ ಅಧಿಕಾರ ಮತ್ತು ಹೊಣೆಗಳನ್ನು ಸ್ಪಷ್ಟಪಡಿಸಿದರು. ಪ್ರತಿ ಯೋಜನೆಗೂ ಒಬ್ಬ ನಿರ್ದೇಶಕರನ್ನು ನೇಮಿಸಿದರು. ಯೋಜನೆಯಲ್ಲಿ ನೇರವಾಗಿ ತೊಡಗಿಲ್ಲದ ಪರಿಣತರು, ಹೊರಗಿನ ವಿಶ್ವವಿದ್ಯಾಲಯಗಳವರೂ ಸೇರಿದಂತೆ, ವಿನ್ಯಾಸವನ್ನು ಹಂತ ಹಂತವಾಗಿ ಪ್ರಶ್ನಿಸುವ ಪರಿಶೀಲನಾ ಪದ್ಧತಿಯನ್ನು ಬಲಪಡಿಸಿದರು. ಇಂತಹ ಸಭೆಗಳಲ್ಲಿ ಕಿರಿಯ ಎಂಜಿನಿಯರ್ ಎತ್ತಿದ ಆಕ್ಷೇಪಕ್ಕೂ ಉತ್ತರ ಸಿಗಬೇಕಿತ್ತು.

ರಾಯಚೂರು ಜಿಲ್ಲೆ ಮತ್ತು ಉಪಗ್ರಹ ದೂರದರ್ಶನ ಪ್ರಯೋಗ

ಧವನ್ ಅವರ ಅಧ್ಯಕ್ಷತೆಯ ಕಾಲದ ಒಂದು ಕಾರ್ಯಕ್ರಮ ಕರ್ನಾಟಕದ ಉತ್ತರ ಭಾಗವನ್ನು ನೇರವಾಗಿ ತಲುಪಿತು. ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಉಪಗ್ರಹ ದೂರದರ್ಶನ ಬೋಧನಾ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಅಂದಿನ ರಾಯಚೂರು, ಗುಲ್ಬರ್ಗ ಮತ್ತು ಬಿಜಾಪುರ ಜಿಲ್ಲೆಗಳು. ಸಿಂಧನೂರು, ಲಿಂಗಸುಗೂರು ಮತ್ತು ಇಂದಿನ ಮಸ್ಕಿ ತಾಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದವು. ಕೃಷಿ, ಆರೋಗ್ಯ, ಕುಟುಂಬ ಯೋಜನೆ ಹಾಗೂ ಶಾಲಾ ಮಕ್ಕಳ ಪಾಠಗಳನ್ನು ಕುರಿತ ಕಾರ್ಯಕ್ರಮಗಳು ಕನ್ನಡದಲ್ಲಿಯೂ ಪ್ರಸಾರವಾದವು. ತಂತಿಬಲೆಯ ದೊಡ್ಡ ಬಟ್ಟಲಿನಂತಹ ಆಂಟೆನಾವನ್ನು ನಿಲ್ಲಿಸಿ, ಸಾರ್ವಜನಿಕ ಸ್ಥಳದಲ್ಲಿಟ್ಟ ಒಂದು ಪೆಟ್ಟಿಗೆಯ ಮುಂದೆ ಊರಿನವರು ಒಟ್ಟಾಗಿ ಕುಳಿತು ನೋಡುವ ವ್ಯವಸ್ಥೆ ಇದಾಗಿತ್ತು.

ದೂಳು, ಸೆಕೆ ಮತ್ತು ಏರುಪೇರಾಗುವ ವಿದ್ಯುತ್ತಿನ ನಡುವೆ, ದೂರದ ಹಳ್ಳಿಗಳಲ್ಲಿ ಸೂಕ್ಷ್ಮ ಉಪಕರಣಗಳನ್ನು ವರ್ಷವಿಡೀ ನಡೆಸುವುದು ಸುಲಭವಾಗಿರಲಿಲ್ಲ. ಉಪಕರಣ ಕೆಡುತ್ತದೆ ಎಂಬುದನ್ನು ಮೊದಲೇ ಒಪ್ಪಿಕೊಂಡು, ದೋಷದ ಸುದ್ದಿ ತಲುಪುವ ದಾರಿ, ತಂತ್ರಜ್ಞರು, ಬಿಡಿಭಾಗಗಳು ಎಲ್ಲವನ್ನೂ ಯೋಜನೆಯ ಭಾಗವಾಗಿಯೇ ಸಿದ್ಧಪಡಿಸಬೇಕಾಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ನಿರ್ದೇಶಕ ಯಶ್ ಪಾಲ್ ಮತ್ತು ಪ್ರಯೋಗದ ವ್ಯವಸ್ಥಾಪಕ ಇ. ವಿ. ಚಿಟ್ನಿಸ್ ಇದರ ನೇತೃತ್ವ ವಹಿಸಿದ್ದರು.

ಎಸ್‌ಎಲ್‌ವಿ-3 ಉಡಾವಣೆಯ ವೈಫಲ್ಯ

ಧವನ್ ಅವರ ಜೀವನದ ಅತ್ಯಂತ ಪ್ರಸಿದ್ಧ ಪ್ರಸಂಗ 1979ರ ಆಗಸ್ಟ್ 10ರಂದು ನಡೆಯಿತು. ಅಂದು ದೇಶದ ಮೊದಲ ಉಪಗ್ರಹ ಉಡಾವಣಾ ವಾಹನ ಎಸ್‌ಎಲ್‌ವಿ-3 ಶ್ರೀಹರಿಕೋಟಾದಿಂದ ಮೇಲೇರಿತು. 22 ಮೀಟರ್ ಎತ್ತರ, ಸುಮಾರು 17 ಟನ್ ತೂಕದ ಈ ರಾಕೆಟ್‌ನಲ್ಲಿ ಘನ ಇಂಧನದ ನಾಲ್ಕು ಹಂತಗಳಿದ್ದವು. ಯೋಜನೆಯ ನಿರ್ದೇಶಕರು ಎ. ಪಿ. ಜೆ. ಅಬ್ದುಲ್ ಕಲಾಂ. ಮೊದಲ ಹಂತ ಸರಿಯಾಗಿ ಕೆಲಸ ಮಾಡಿತು. ಎರಡನೆಯ ಹಂತದಲ್ಲಿ ವಾಹನವು ನಿಯಂತ್ರಣ ತಪ್ಪಿ ಬಂಗಾಳ ಕೊಲ್ಲಿಗೆ ಬಿದ್ದಿತು.

ದೋಷವಿದ್ದದ್ದು ಎರಡನೆಯ ಹಂತದ ದಿಕ್ಕನ್ನು ನಿಯಂತ್ರಿಸುವ ವ್ಯವಸ್ಥೆಯಲ್ಲಿ. ಅದರಲ್ಲಿ ಬಳಸುವ ನೈಟ್ರಿಕ್ ಆಮ್ಲದ ಕವಾಟವೊಂದು ಕಶ್ಮಲ ಸಿಕ್ಕಿಕೊಂಡದ್ದರಿಂದ ಪೂರ್ತಿ ಮುಚ್ಚಿಕೊಳ್ಳದೆ, ಉಡಾವಣೆಗೆ ಮುನ್ನವೇ ಆಮ್ಲ ಸೋರಿಹೋಗಿತ್ತು. ಎರಡನೆಯ ಹಂತ ಉರಿಯತೊಡಗಿದಾಗ ದಿಕ್ಕು ತಿದ್ದಲು ಬೇಕಾದ ಬಲ ಉಳಿದಿರಲಿಲ್ಲ. ಕಲಾಂ ಅವರು ಮುಂದೆ ಹಲವು ಬಾರಿ ನೆನಪಿಸಿಕೊಂಡಂತೆ, ಕೊನೆಯ ನಿಮಿಷಗಳ ಎಣಿಕೆಯಲ್ಲಿ ಗಣಕಯಂತ್ರವು ಎಚ್ಚರಿಕೆ ನೀಡಿ ಉಡಾವಣೆಯನ್ನು ತಡೆದಿತ್ತು. ಸೋರಿಕೆಯಾದರೂ ಸಾಕಷ್ಟು ಸಂಗ್ರಹ ಉಳಿದಿದೆ ಎಂಬ ಪರಿಣತರ ಲೆಕ್ಕವನ್ನು ನಂಬಿ, ಅವರು ಆ ತಡೆಯನ್ನು ಬದಿಗೊತ್ತಿ ಮುಂದುವರಿಯಲು ನಿರ್ಧರಿಸಿದ್ದರು.

ಸುರಕ್ಷತೆಯ ದೃಷ್ಟಿಯಿಂದ ಈ ಪ್ರಸಂಗದಲ್ಲಿ ಎರಡು ಪಾಠಗಳಿವೆ. ಒಂದು, ಬಹುತೇಕ ದುರ್ಘಟನೆಗಳಲ್ಲಿ ಎಚ್ಚರಿಕೆ ಮೊದಲೇ ಸಿಕ್ಕಿರುತ್ತದೆ. ವರ್ಷಗಳ ಶ್ರಮ, ಕಾದು ಕುಳಿತ ಜನ, ದೇಶದ ನಿರೀಕ್ಷೆ ಇವುಗಳ ಒತ್ತಡದಲ್ಲಿ ಆ ಎಚ್ಚರಿಕೆಯ ತೂಕ ಕಡಿಮೆಯಾಗಿ ಕಾಣುತ್ತದೆ. ಎರಡು, ಸೋಲಿನ ನಂತರ ಸಂಸ್ಥೆ ನಡೆದುಕೊಳ್ಳುವ ರೀತಿಯೇ ಮುಂದೆ ಎಚ್ಚರಿಕೆ ನೀಡುವವರು ಬಾಯಿ ತೆರೆಯುವರೋ ಇಲ್ಲವೋ ಎಂಬುದನ್ನು ನಿರ್ಧರಿಸುತ್ತದೆ.

ಅಂದು ಪತ್ರಕರ್ತರ ಮುಂದೆ ಧವನ್ ಅವರೇ ಕುಳಿತರು. ವೈಫಲ್ಯದ ಹೊಣೆಯನ್ನು ತಮ್ಮ ಮೇಲೆ ತೆಗೆದುಕೊಂಡು, ತಮ್ಮ ತಂಡದ ಮೇಲೆ ತಮಗೆ ವಿಶ್ವಾಸವಿದೆಯೆಂದೂ ಮುಂದಿನ ಒಂದು ವರ್ಷದೊಳಗೆ ಯಶಸ್ಸು ಸಾಧಿಸುವುದಾಗಿಯೂ ತಿಳಿಸಿದರು. ನಿರ್ಧಾರ ಕೈಗೊಂಡ ಕಲಾಂ ಅವರನ್ನು ಯೋಜನೆಯಿಂದ ತೆಗೆಯಲಿಲ್ಲ. ಅದೇ ಸಮಯದಲ್ಲಿ ಸಂಸ್ಥೆಯೊಳಗೆ ಪರಿಶೀಲನೆ ಸಡಿಲವಾಗಲೂ ಬಿಡಲಿಲ್ಲ. ಹಾರಾಟದ ದತ್ತಾಂಶಗಳನ್ನು ಬಿಡಿಬಿಡಿಯಾಗಿ ವಿಶ್ಲೇಷಿಸಿ, ಮೂಲ ಕಾರಣವನ್ನು ಕವಾಟದವರೆಗೆ ಹಿಂಬಾಲಿಸಲಾಯಿತು.

1980ರ ಜುಲೈ 18ರಂದು, ಹನ್ನೊಂದು ತಿಂಗಳ ನಂತರ, ಎಸ್‌ಎಲ್‌ವಿ-3 ಸುಮಾರು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದಿನ ಪತ್ರಿಕಾಗೋಷ್ಠಿಯನ್ನು ನಡೆಸಲು ಧವನ್ ಅವರು ಕಲಾಂ ಅವರನ್ನು ಕಳುಹಿಸಿ, ತಾವು ಹಿಂದೆ ಉಳಿದರು. ಮುಂದೆ ರಾಷ್ಟ್ರಪತಿಯಾದ ಕಲಾಂ ಅವರು ನಾಯಕತ್ವದ ಬಗ್ಗೆ ಮಾತನಾಡುವಾಗಲೆಲ್ಲ ಈ ಘಟನೆಯನ್ನು ವಿದ್ಯಾರ್ಥಿಗಳಿಗೆ ವಿವರಿಸುತ್ತಿದ್ದರು.

ಸುರಕ್ಷತಾ ನಿರ್ವಹಣೆಯ ದೃಷ್ಟಿಯಲ್ಲಿ ಧವನ್

ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಎಂಬ ಪದ ಧವನ್ ಅವರ ಅಧಿಕಾರಾವಧಿಯಲ್ಲಿ ವಾಯುಯಾನದಲ್ಲಿ ರೂಢಿಗೆ ಬಂದಿರಲಿಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಈ ವಿಷಯಕ್ಕೇ ಮೀಸಲಾದ ಹತ್ತೊಂಬತ್ತನೆಯ ಅನುಬಂಧವನ್ನು ಅಂಗೀಕರಿಸಿದ್ದು 2013ರಲ್ಲಿ. ಅದರ ಚೌಕಟ್ಟಿನಲ್ಲಿ ನಾಲ್ಕು ಅಂಗಗಳಿವೆ: ಸುರಕ್ಷತೆಯ ನೀತಿ ಮತ್ತು ಗುರಿಗಳು, ಅಪಾಯದ ನಿರ್ವಹಣೆ, ಸುರಕ್ಷತೆಯ ಖಾತರಿ ಹಾಗೂ ಸುರಕ್ಷತೆಯ ಪ್ರಚಾರ. ವಿಮಾನ ಸಂಸ್ಥೆಗಳು, ವಿಮಾನ ನಿಲ್ದಾಣಗಳು, ದುರಸ್ತಿ ಕೇಂದ್ರಗಳು ಮತ್ತು ತರಬೇತಿ ಶಾಲೆಗಳು ಇದನ್ನು ಅಳವಡಿಸಿಕೊಳ್ಳಬೇಕೆಂದು ಭಾರತದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಧಿಸಿದೆ.

ಈ ಚೌಕಟ್ಟಿನ ಮೊದಲ ಅಂಗ, ಸುರಕ್ಷತೆಯ ಅಂತಿಮ ಉತ್ತರದಾಯಿತ್ವ ಸಂಸ್ಥೆಯ ಅತ್ಯುನ್ನತ ಅಧಿಕಾರಿಯದೇ ಎಂದು ಹೇಳುತ್ತದೆ. ಆ ಹೊಣೆಯನ್ನು ಕೆಳಗಿನವರಿಗೆ ದಾಟಿಸುವಂತಿಲ್ಲ. 1979ರಲ್ಲಿ ಧವನ್ ಅವರು ನಡೆದುಕೊಂಡದ್ದು ಹೀಗೆಯೇ. ಅಪಾಯದ ನಿರ್ವಹಣೆ ಎಂದರೆ ಅವಘಡ ನಡೆಯುವವರೆಗೆ ಕಾಯದೆ ಅದರ ಸಾಧ್ಯತೆಯನ್ನೂ ತೀವ್ರತೆಯನ್ನೂ ಅಂದಾಜಿಸಿ ಕ್ರಮ ಕೈಗೊಳ್ಳುವುದು. ಗಾಳಿಸುರಂಗದ ಪರೀಕ್ಷೆ, ಆವ್ರೊ ವಿಮಾನದ ಪರಿಶೀಲನೆ ಈ ಬಗೆಯವು. ಕೈಗೊಂಡ ಕ್ರಮ ಫಲ ನೀಡುತ್ತಿದೆಯೇ ಎಂದು ಸ್ವತಂತ್ರವಾಗಿ ಪರೀಕ್ಷಿಸುವುದು ಖಾತರಿಯ ಭಾಗ. ಇಸ್ರೋದ ಪರಿಶೀಲನಾ ಸಮಿತಿಗಳು ಇದನ್ನು ಹೋಲುತ್ತವೆ. ತಪ್ಪನ್ನು ವರದಿ ಮಾಡಿದವನಿಗೆ ಶಿಕ್ಷೆಯ ಭಯವಿಲ್ಲದ ವಾತಾವರಣ ಬೆಳೆಸುವುದು ಪ್ರಚಾರದ ತಿರುಳು. ಆದರೆ ಇದು ತಪ್ಪಿಗೆ ಮಾಫಿ ನೀಡುವ ಪದ್ಧತಿಯಲ್ಲ. ಪ್ರಾಮಾಣಿಕವಾಗಿ ತೆಗೆದುಕೊಂಡ ನಿರ್ಧಾರದ ತಪ್ಪನ್ನೂ ಬೇಜವಾಬ್ದಾರಿಯನ್ನೂ ಬೇರೆ ಬೇರೆಯಾಗಿ ನೋಡಬೇಕೆಂದು ಅದು ಬಯಸುತ್ತದೆ.

ಧವನ್ ಅವರ ಕಾಲದ ಪದ್ಧತಿಗಳು ಬಹುಮಟ್ಟಿಗೆ ವ್ಯಕ್ತಿಯ ಸ್ವಭಾವವನ್ನು ಅವಲಂಬಿಸಿದ್ದವು. ಒಬ್ಬ ಅಧ್ಯಕ್ಷರ ಔದಾರ್ಯವಾಗಿದ್ದುದನ್ನು ಎಲ್ಲ ಸಂಸ್ಥೆಗಳ ಲಿಖಿತ ಕರ್ತವ್ಯವನ್ನಾಗಿ ಮಾಡಿರುವುದೇ ಇಂದಿನ ವ್ಯವಸ್ಥೆಯ ಹೆಚ್ಚಳ. ಆದರೂ ಬರಹದ ನಿಯಮಕ್ಕೆ ಜೀವ ಬರುವುದು ಮೇಲಿರುವವರ ನಡತೆಯಿಂದಲೇ ಎಂಬುದಕ್ಕೆ ಅವರ ಉದಾಹರಣೆ ಉಪಯುಕ್ತವಾಗಿ ಉಳಿದಿದೆ.

ನಿವೃತ್ತಿ ಮತ್ತು ನಿಧನ

ಧವನ್ ಅವರು 1981ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದರು. 1984ರಲ್ಲಿ ಇಸ್ರೋ ಅಧ್ಯಕ್ಷತೆಯನ್ನು ಉಡುಪಿ ಮೂಲದ ಯು. ಆರ್. ರಾವ್ ಅವರಿಗೆ ವಹಿಸಿಕೊಟ್ಟರು. ನಂತರವೂ ಬಾಹ್ಯಾಕಾಶ ಆಯೋಗದ ಸದಸ್ಯರಾಗಿ ಸಲಹೆ ನೀಡುತ್ತಿದ್ದರು. ಶ್ರೀಹರಿಕೋಟಾದ ಪಕ್ಕದ ಪುಲಿಕಾಟ್ ಸರೋವರ ನೀರುಹಕ್ಕಿಗಳ ನೆಲೆ. ಹಕ್ಕಿಗಳ ಹಾರಾಟವನ್ನು ವಾಯುಚಲನ ಶಾಸ್ತ್ರದ ಕಣ್ಣಿನಿಂದ ಅಧ್ಯಯನ ಮಾಡಿ ಪುಸ್ತಕ ಬರೆದರು. ಅದರ ಹಿಂದೆ ಅವರ ವರ್ಷಗಳ ಪಕ್ಷಿವೀಕ್ಷಣೆ ಇತ್ತು.

ಸತೀಶ್ ಧವನ್ ಅವರು 2002ರ ಜನವರಿ 3ರಂದು ಬೆಂಗಳೂರಿನಲ್ಲಿ ನಿಧನರಾದರು.

ಗೌರವಗಳು

ಭಾರತ ಸರ್ಕಾರವು ಧವನ್ ಅವರಿಗೆ 1971ರಲ್ಲಿ ಪದ್ಮಭೂಷಣ ಹಾಗೂ 1981ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳನ್ನು ನೀಡಿತು. 1999ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಏಕತಾ ಪ್ರಶಸ್ತಿ ಸಂದಿತು. 1977ರಿಂದ 1979ರವರೆಗೆ ಅವರು ಭಾರತೀಯ ವಿಜ್ಞಾನ ಅಕಾಡೆಮಿಯ ಅಧ್ಯಕ್ಷರಾಗಿದ್ದರು. ಅವರ ನಿಧನದ ನಂತರ, 2002ರಲ್ಲಿ, ಶ್ರೀಹರಿಕೋಟಾದ ಉಡಾವಣಾ ಕೇಂದ್ರವನ್ನು ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರ ಎಂದು ಮರುನಾಮಕರಣ ಮಾಡಲಾಯಿತು.